ಮಂಡಿ ಬಗ್ಗಿತು, ನಡಿಗೆ ಬರಲಿಲ್ಲ: ಮಲೆನಾಡಿನ ಒಂದು ಪ್ರಕರಣ

ಈ ಪ್ರಕರಣದ ಅಮ್ಮನಿಗೆ 66 ವರ್ಷ, ತೂಕ 71 ಕೆಜಿ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬಸ್ಸಿಳಿದು ಒಂದೂವರೆ ಕಿಲೋಮೀಟರ್ ಮಣ್ಣುರಸ್ತೆ ಹಿಡಿದರೆ ಸಿಗುವ ಒಂಟಿಮನೆ. ಎದುರಿಗೆ ಅಂಗಳ, ಅಂಗಳದ ಕೆಳಗೆ ಇಳಿಜಾರು, ಇಳಿಜಾರಿನ ಬುಡದಲ್ಲಿ ಹಳ್ಳ, ಹಳ್ಳಕ್ಕೊಂದು ಸಂಕ ಅಂದರೆ ಕಾಲುಸೇತುವೆ, ಸಂಕದಾಚೆ ಅಡಿಕೆ ತೋಟ. ಮದುವೆಯಾಗಿ ಬಂದ ಮೇಲೆ ನಲವತ್ತಕ್ಕೂ ಹೆಚ್ಚು ಕೊಯ್ಲುಗಳನ್ನು ಅವರು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮೇಲೆ ಕೂತೇ ಕಳೆದವರು. ನಾನು ಈ ಭಾಗದಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವವಳು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ಊರ ಹೆಸರು ಬಿಟ್ಟಿದ್ದೇನೆ.

ಎರಡೂ ಮಂಡಿ ಸವೆದಿದ್ದವು. ಬಲಗಡೆಯದು ಹೆಚ್ಚು. ಎರಡು ಕಾಲೂ ಹೊರಕ್ಕೆ ಬಾಗಿ ಬಿಲ್ಲಿನಂತಾಗಿದ್ದವು. ಅವರ ಹಳೆಯ ಹವಾಯಿ ಚಪ್ಪಲಿ ತಿರುಗಿಸಿ ನೋಡಿದೆ, ಹೊರ ಅಂಚು ಕಾಗದದಷ್ಟು ತೆಳ್ಳಗಾಗಿತ್ತು, ಒಳ ಅಂಚಿನಲ್ಲಿ ಇನ್ನೂ ಗೆರೆ ಉಳಿದಿತ್ತು. ಏಳೆಂಟು ವರ್ಷದಿಂದ ಬಲಮಂಡಿ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ ಅಂತ ಅವರೇ ಹೇಳಿದ್ದು. ಈ ಮಾತನ್ನು ನಾನು ಮೊದಲ ದಿನವೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಆಮೇಲೆ ಎರಡು ತಿಂಗಳು ಅದರ ಕಡೆ ತಿರುಗಿ ನೋಡಲಿಲ್ಲ.

ಕೊಯ್ಲು, ಸುಲಿತ, ಒಣಗಿಸುವುದು ಎಲ್ಲ ಮುಗಿಸಿಕೊಂಡು ಫೆಬ್ರವರಿ ಮೊದಲ ವಾರ ಶಿವಮೊಗ್ಗದಲ್ಲಿ ಬಲಮಂಡಿ ಬದಲಿಸಿದರು. ಶಸ್ತ್ರಚಿಕಿತ್ಸೆ ಚೆನ್ನಾಗಿಯೇ ಆಗಿತ್ತು. ಮರುದಿನ ವಾಕರ್ ಹಿಡಿದು ನಿಂತರು, ಐದನೇ ದಿನ ಮನೆಗೆ ಹೊರಟರು. ಅರವತ್ತು ಕಿಲೋಮೀಟರ್ ಕಾರಿನಲ್ಲಿ ಒಂದೇ ಸಮ ಕೂತರೆ ಕಾಲು ಮರದ ಕೊರಡಾಗುತ್ತದೆ ಅಂತ ಫೋನಿನಲ್ಲೇ ಹೇಳಿದ್ದೆ. ಹಕ್ಕಿಗಳ ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ, ತುಂಗೆಯ ದಡದ ರಸ್ತೆಯಲ್ಲೇ ವಾಕರ್ ಇಳಿಸಿ ಹತ್ತು ಹೆಜ್ಜೆ ನಡೆಸಿದರಂತೆ. ಬಸ್ಸಿನವರೆಲ್ಲ ಇಣುಕಿ ನೋಡಿದ್ದು ಅವರಿಗೆ ಇವತ್ತಿಗೂ ನಾಚಿಕೆ.

ಒಂಬತ್ತನೇ ದಿನ ನನ್ನ ಮೊದಲ ಭೇಟಿ. ಗೋನಿಯೋಮೀಟರ್ ಅಂದರೆ ಕೋನ ಅಳೆಯುವ ಎರಡು ಕಡ್ಡಿಯ ಪ್ಲಾಸ್ಟಿಕ್ ಸಾಧನ. ಅದರಲ್ಲಿ ಮಂಡಿ 70 ಡಿಗ್ರಿ ಬಗ್ಗಿತು. ನೆಟ್ಟಗೆ ಚಾಚಿಸಿದರೆ 12 ಡಿಗ್ರಿ ಕಡಿಮೆ ಬಿತ್ತು. ಚಿಪ್ಪಿನ ಮೇಲಿನ ಸುತ್ತಳತೆ ಎಡಗಾಲಿಗಿಂತ 4 ಸೆಂಟಿಮೀಟರ್ ಜಾಸ್ತಿ, ಅದು ಊತ. ಮಂಡಿ ಬಿಸಿಯಾಗಿತ್ತು. ಗಾಯದ ಹೊರಬದಿಯಲ್ಲಿ ಒಂದು ಅಂಗೈಯಗಲ ಜಾಗ ಮುಟ್ಟಿದರೆ ಗೊತ್ತಾಗುತ್ತಿರಲಿಲ್ಲ. ಅಲ್ಲಿಗೆ ಹೋಗುವ ಚರ್ಮದ ಸಣ್ಣ ನರ ಕತ್ತರಿಸುವಾಗ ಹೋಗುವುದು ಮಾಮೂಲು, ಜೋಮು ವರ್ಷಗಟ್ಟಲೆ ಉಳಿಯಬಹುದು, ನಡಿಗೆಗೆ ಅದರಿಂದ ಏನೂ ಆಗುವುದಿಲ್ಲ ಅಂತ ಹೇಳಿದೆ. ಬಗ್ಗಿಸುವಾಗ ಕೇಳುವ 'ಟಿಕ್' ಸದ್ದೂ ಹಾಗೆಯೇ. ಒಳಗಿರುವುದು ಲೋಹ ಮತ್ತು ಪ್ಲಾಸ್ಟಿಕ್, ತಾಗಿದರೆ ಸದ್ದು ಬರುತ್ತದೆ.

ಆ ಹೊತ್ತಿಗೇ ಮನೆಯಲ್ಲಿ ಒಂದು ಸಂಖ್ಯೆ ಆಳತೊಡಗಿತ್ತು. ಬೆಂಗಳೂರಿನಲ್ಲಿರುವ ಮಗ ದಿನಾ ಸಂಜೆ ವಾಟ್ಸ್ಯಾಪ್ ಮಾಡುತ್ತಿದ್ದ: 'ಇವತ್ತು ಎಷ್ಟು ಡಿಗ್ರಿ?' ಪಕ್ಕದ ಊರಿನ ಒಬ್ಬರಿಗೆ ಮೂರನೇ ವಾರಕ್ಕೇ ನೂರು ಬಂದಿತ್ತಂತೆ. ಯಾರೋ ವಿಡಿಯೋ ಕಳಿಸಿದ್ದರು, ಆಪರೇಷನ್ ಆದ ದಿನವೇ ಮೆಟ್ಟಿಲು ಹತ್ತುವವರದು. ಆ ವಿಡಿಯೋಗಳ ಮೇಲೆ ನನಗೆ ಕೋಪವಿದೆ. ಅರಿವಳಿಕೆ ಪೂರ್ತಿ ಇಳಿಯುವ ಮೊದಲು ಹತ್ತುವ ನಾಲ್ಕು ಮೆಟ್ಟಿಲಿಗೂ ಹತ್ತನೇ ದಿನದ ರಾತ್ರಿ ಎರಡು ಗಂಟೆಯ ನೋವಿಗೂ ಸಂಬಂಧವೇ ಇಲ್ಲ. ಆ ಎರಡು ಗಂಟೆಯ ವಿಡಿಯೋ ಯಾರೂ ಹಾಕುವುದಿಲ್ಲ.

ಕೋಪ ಏನೇ ಇರಲಿ, ಆ ಸಂಖ್ಯೆಯ ಹಿಂದೆ ನಾನೂ ಓಡಿದೆ. ಮೂರನೇ ವಾರದ ಒಂದು ದಿನ ಮಂಚದ ಅಂಚಿನಲ್ಲಿ ಕೂರಿಸಿ, ಕಣಕಾಲು ಹಿಡಿದು ಒತ್ತಿ ಬಗ್ಗಿಸಿದೆ. ಅಮ್ಮ ಸೆರಗು ಕಚ್ಚಿಕೊಂಡು ತಡೆದರು. 74 ಇದ್ದದ್ದು 86ಕ್ಕೆ ಹೋಯಿತು. ಮಗನಿಗೆ ಕಳಿಸಿದೆ, ಹೆಬ್ಬೆರಳು ಬಂತು. ಮರುದಿನ ಹೋದರೆ ಮಂಡಿ ಕುಂಬಳಕಾಯಿ. ಸುತ್ತಳತೆ ಮತ್ತೆ ಎರಡು ಸೆಂಟಿಮೀಟರ್ ಏರಿತ್ತು, ಬಗ್ಗುವುದು 64ಕ್ಕೆ ಇಳಿದಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಹಿಂದಿನ ದಿನ ಮಂಚದಿಂದ ತಾನಾಗಿ ಎತ್ತುತ್ತಿದ್ದ ಕಾಲು ಆ ದಿನ ಮೇಲೇಳಲೇ ಇಲ್ಲ. 'ಕಾಲು ನನ್ನ ಮಾತು ಕೇಳ್ತಾ ಇಲ್ಲ ಮಾರಾಯ್ತಿ' ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಮಂಡಿಯೊಳಗೆ ನೀರು ತುಂಬಿದರೆ ಅಲ್ಲಿನ ನರಗಳು ಬೆನ್ನುಹುರಿಗೆ ಸುದ್ದಿ ಮುಟ್ಟಿಸಿ, ತೊಡೆಯ ಮುಂಭಾಗದ ಕ್ವಾಡ್ರಿಸೆಪ್ಸ್ ಸ್ನಾಯುವಿಗೆ ಹೋಗುವ ಆಜ್ಞೆಯನ್ನೇ ತಗ್ಗಿಸುತ್ತವೆ. ನೋವಿಲ್ಲದ ಆರೋಗ್ಯವಂತ ಮಂಡಿಯೊಳಗೆ ಬರೀ ಉಪ್ಪುನೀರು ತುಂಬಿಸಿದರೂ ಹೀಗೇ ಆಗುತ್ತದೆ. ಸ್ನಾಯು ಸತ್ತಿಲ್ಲ, ಸೋತಿಲ್ಲ. ಮೇನ್ ಸ್ವಿಚ್ ಇಳಿದಿದೆ. ಶಸ್ತ್ರಚಿಕಿತ್ಸೆಯಾದ ಮೊದಲ ತಿಂಗಳಲ್ಲಿ ಈ ಸ್ನಾಯುವಿನ ಬಲ ಅರ್ಧಕ್ಕೂ ಕೆಳಗೆ ಬೀಳುವುದಕ್ಕೆ ದೊಡ್ಡ ಕಾರಣ ಇದು. ಸ್ವಿಚ್ ಇಳಿದಾಗ ಎಷ್ಟು ವ್ಯಾಯಾಮ ಹೇಳಿಕೊಟ್ಟರೂ ದೀಪ ಹೊತ್ತುವುದಿಲ್ಲ. ಮೊದಲು ಊತ ಇಳಿಯಬೇಕು.

ನಾಲ್ಕು ದಿನ ಬಗ್ಗಿಸುವುದನ್ನೇ ಬಿಟ್ಟೆವು. ಬಟ್ಟೆಯಲ್ಲಿ ಸುತ್ತಿದ ಐಸು, ಹದಿನೈದು ನಿಮಿಷದಂತೆ ದಿನಕ್ಕೆ ನಾಲ್ಕು ಸಲ. ಹಿಮ್ಮಡಿಯ ಕೆಳಗೆ ದಿಂಬಿಟ್ಟು ಕಾಲು ಎದೆಗಿಂತ ಎತ್ತರ. ಪಾದವನ್ನು ಮೇಲೆ ಕೆಳಗೆ ಆಡಿಸುವುದು. ಉಷ್ಣವಾಗುತ್ತದೆಂದು ಅವರಾಗಿಯೇ ನಿಲ್ಲಿಸಿದ್ದ ನೋವಿನ ಗುಳಿಗೆಯನ್ನು ಸರ್ಜನ್ ಹತ್ತಿರ ಮಾತಾಡಿ ಮತ್ತೆ ಶುರು ಮಾಡಿಸಿದೆ. ಸಂಬಂಧಿಕರೊಬ್ಬರು ನಾಟಿ ಎಣ್ಣೆ ತಂದು ತಿಕ್ಕಲು ಕೂತಿದ್ದರು. ಹೊಲಿಗೆ ಬಿಚ್ಚಿ ವಾರವಾಗದ ಗಾಯ ಅದು. ಬಾಟಲಿಯನ್ನು ನಾನೇ ಎತ್ತಿ ಅಟ್ಟದ ಮೇಲಿಟ್ಟೆ. ಆ ಮನೆಯಲ್ಲಿ ನನಗೆ 'ಜೋರಿನವಳು' ಅನ್ನುವ ಹೆಸರು ಬಂದದ್ದು ಅವತ್ತು.

ನಾಲ್ಕನೇ ವಾರ ಒಂದು ಹೆದರಿಕೆ. ಬಲಗಾಲಿನ ಮೀನಖಂಡ ಒಂದೇ ಸಮ ನೋಯುತ್ತಿದೆ, ಹಿಂಡಿದರೆ ಇನ್ನೂ ನೋವು ಅಂದರು. ರಕ್ತ ತೆಳುವಾಗಿಸುವ ಗುಳಿಗೆ ನಡೆದೇ ಇತ್ತು, ಸ್ನಾಯು ಹಿಡಿದಿರಬಹುದು ಅಂತಲೂ ಅನ್ನಿಸಿತು. ಆದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದರೆ ಅದು ಶ್ವಾಸಕೋಶಕ್ಕೆ ಏರಬಹುದು, ಕೈಯಲ್ಲಿ ಮುಟ್ಟಿ ನೋಡಿ ಅದನ್ನು ತೀರ್ಮಾನಿಸುವ ಅಧಿಕಾರ ನನಗಿಲ್ಲ. ಅವತ್ತೇ ಶಿವಮೊಗ್ಗಕ್ಕೆ ಕಳಿಸಿ, ನಾಳದಲ್ಲಿ ರಕ್ತ ಹರಿಯುವುದನ್ನು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದೆವು. ಹೆಪ್ಪು ಇರಲಿಲ್ಲ. ಸುಮ್ಮನೆ ಓಡಾಡಿಸಿದಳು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅನ್ನಿಸಿರಬಹುದು. ಮೀನಖಂಡದ ನೋವು, ಏಕಾಏಕಿ ಉಸಿರು ಕಟ್ಟುವುದು, ಎದೆ ಹಿಡಿಯುವುದು, ಜ್ವರ, ಗಾಯ ಕೆಂಪಾಗಿ ಸೋರುವುದು: ಇವಕ್ಕೆ ಮತ್ತೆ ಫೋನ್ ಬಂದರೂ ನಾನು ಮತ್ತೆ ಹಾಗೇ ಓಡಾಡಿಸುತ್ತೇನೆ.

ಎಂಟನೇ ವಾರಕ್ಕೆ ಎಲ್ಲರಿಗೂ ಸಮಾಧಾನ. ಮಂಡಿ 108 ಡಿಗ್ರಿ ಬಗ್ಗುತ್ತಿತ್ತು. ಸಮತಟ್ಟು ನೆಲದಲ್ಲಿ ನಡೆಯಲು 60-70 ಡಿಗ್ರಿ ಸಾಕು. ಕುರ್ಚಿಯಿಂದ ಏಳಲು, ಮೆಟ್ಟಿಲು ಇಳಿಯಲು 90ರ ಆಚೀಚೆ ಬೇಕು. ಅಂದರೆ ಬೇಕಾದ್ದಕ್ಕಿಂತ ಹೆಚ್ಚೇ ಬಂದಿತ್ತು. ಎಕ್ಸ್-ರೇ ನೋಡಿ ಸರ್ಜನ್ 'ಫಸ್ಟ್ ಕ್ಲಾಸ್' ಅಂದರು. ಯುಗಾದಿಗೆ ಮಗ ಬಂದ, ವಾಕರ್ ಅಟ್ಟ ಸೇರಿತು, ಕೋಲೂ ಮೂಲೆಗೆ ಹೋಯಿತು. 'ಕೋಲು ಹಿಡಿದರೆ ಮುದುಕಿ ಅಂತಾರೆ' ಅನ್ನುವುದು ಅಮ್ಮನ ವಾದ.

ಆದರೆ ನಡೆದರೆ ಕುಂಟುತ್ತಿದ್ದರು. ಸಣ್ಣ ಕುಂಟಲ್ಲ, ಅಂಗಳದಾಚೆಯಿಂದ ನೋಡಿದರೂ ಗೊತ್ತಾಗುವ ಕುಂಟು. ಉಣುಗೋಲು, ಅಂದರೆ ಗಳುವಿನ ಗೇಟು, ದಾಟುವಷ್ಟರಲ್ಲಿ ತೊಡೆ ನಡುಗುತ್ತಿತ್ತು, ಸೊಂಟ ಹಿಡಿಯುತ್ತಿತ್ತು. 'ಎಂತ ಮಾರಾಯ್ತಿ, ಬಗ್ಗುತ್ತಲ್ಲ, ಮತ್ತೆಂತಕ್ಕೆ ಕುಂಟೋದು?' ಊರಿನವರ ಹತ್ತಿರ ಉತ್ತರ ಸಿದ್ಧವಿತ್ತು: 'ಗೋಲ್ಡನ್ ನೀ (ಬಂಗಾರದ ಬಣ್ಣದ ಕೃತಕ ಮಂಡಿ) ಹಾಕಿಸಬೇಕಿತ್ತು, ಕಡಿಮೆದು ಹಾಕಿಸಿದ್ದಾರೆ.' ಇದು ಅಮ್ಮನ ಮನಸ್ಸಿಗೆ ಚುಚ್ಚಿತ್ತು, ಮಗನಿಗಂತೂ ಇನ್ನೂ ಹೆಚ್ಚು. ಅವರಿಗೆ ಹಾಕಿದ್ದು ಕೋಬಾಲ್ಟ್-ಕ್ರೋಮಿಯಂ ಲೋಹದ ಮಾಮೂಲಿ ಕೀಲು, ಜಗತ್ತಿನಲ್ಲಿ ಅತಿ ಹೆಚ್ಚು ಜನ ಹಾಕಿಸಿಕೊಂಡಿರುವ ಬಗೆ. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಈ ಕೀಲಿಗೆ ತೆರಿಗೆ ಬಿಟ್ಟು 54,720 ರೂಪಾಯಿಯ ಮಿತಿ ಹಾಕಿತು; ಅದಕ್ಕೂ ಮೊದಲು ಇದೇ ಕೀಲಿಗೆ ಲಕ್ಷ ಮೀರಿ ಕೊಟ್ಟವರಿದ್ದಾರೆ. ಬಂಗಾರದ ಬಣ್ಣದ್ದು ಮೇಲ್ಮೈಗೆ ಬೇರೆ ಲೇಪ ಕೊಟ್ಟದ್ದು, ಬಂಗಾರವಲ್ಲ. ಲೇಪದ ಬಣ್ಣ ಬದಲಾದರೆ ಕುಂಟು ಹೋಗುವುದಿಲ್ಲ ಅಂತ ಮಗನಿಗೆ ಬಿಡಿಸಿ ಹೇಳಿದೆ. ಅವನು ತಲೆಯಾಡಿಸಿದ. ನಂಬಿದನೋ ಇಲ್ಲವೋ.

ಹಾಗಾದರೆ ಯಾಕೆ ಕುಂಟು? ಒಂಬತ್ತನೇ ವಾರದ ಒಂದು ಬೆಳಿಗ್ಗೆ ಉತ್ತರ ನೆಲದ ಮೇಲೆಯೇ ಬಿದ್ದಿತ್ತು.

ಅಮ್ಮ ಸ್ನಾನ ಮಾಡಿ ಬಚ್ಚಲಿನಿಂದ ಆಗಷ್ಟೇ ಬಂದಿದ್ದರು. ಹಳೆಯ ಕೆಂಪು ಕಾವಿ ನೆಲ. ಅದರ ಮೇಲೆ ಬಚ್ಚಲ ಹೊಸ್ತಿಲಿನಿಂದ ನಡುಮನೆವರೆಗೆ ಒದ್ದೆ ಹೆಜ್ಜೆಗಳು. ಸೊಸೆ ಒರೆಸಲು ಬಂದಳು, ತಡೆ ಅಂದೆ. ಚೀಲದಲ್ಲಿದ್ದ ದರ್ಜಿ ಟೇಪು ತೆಗೆದು ಕುಕ್ಕರಗಾಲಲ್ಲಿ ಕೂತೆ. ಎಡ ಹಿಮ್ಮಡಿಯಿಂದ ಮುಂದಿನ ಬಲ ಹಿಮ್ಮಡಿಗೆ 38 ಸೆಂಟಿಮೀಟರ್. ಬಲ ಹಿಮ್ಮಡಿಯಿಂದ ಮುಂದಿನ ಎಡ ಹಿಮ್ಮಡಿಗೆ 26. ಇನ್ನೊಂದು ಜೋಡಿ ಅಳೆದೆ: 39, 25. ಒಣಗುವ ಮೊದಲು ಮೂರು ಜೋಡಿ ಸಿಕ್ಕವು, ಮೂರೂ ಅದೇ ಕಥೆ.

ಆಪರೇಷನ್ ಆದದ್ದು ಬಲಗಾಲು, ಗಿಡ್ಡವಾಗಿ ಬೀಳುತ್ತಿದ್ದದ್ದು ಎಡಗಾಲಿನ ಹೆಜ್ಜೆ. ಕೇಳಿದವರಿಗೆ ಇದು ತಿರುಗುಮುರುಗು ಅನ್ನಿಸುತ್ತದೆ. ಎಡಗಾಲು ಗಾಳಿಯಲ್ಲಿರುವಷ್ಟು ಹೊತ್ತು ಮೈಭಾರವನ್ನೆಲ್ಲ ಬಲಗಾಲೊಂದೇ ಹೊರಬೇಕು. ಹೊರುವ ಧೈರ್ಯ ಬಲಗಾಲಿಗಿಲ್ಲ. ಹಾಗಾಗಿ ಎಡಗಾಲು ಅವಸರವಾಗಿ, ಹತ್ತಿರದಲ್ಲೇ ನೆಲ ಮುಟ್ಟಿಬಿಡುತ್ತದೆ. ಕೆಂಡದ ಮೇಲೆ ಕಾಲಿಟ್ಟವರು ಎತ್ತಿಹಾಕುವ ಹಾಗೆ. ಬಲಪಾದದ ಗುರುತನ್ನು ಇನ್ನೂ ಹತ್ತಿರದಿಂದ ನೋಡಿದೆ. ಹಿಮ್ಮಡಿ ಮಸುಕು, ಮುಂಗಾಲು ಗಾಢ. ಹಿಮ್ಮಡಿ ಊರಿ ಹೆಜ್ಜೆ ಶುರುವಾಗುತ್ತಲೇ ಇರಲಿಲ್ಲ, ಇಡೀ ಪಾದ ಒಟ್ಟಿಗೆ 'ಪಚ್' ಅಂತ ಬೀಳುತ್ತಿತ್ತು. ಮಂಡಿ ಬಗ್ಗಿಕೊಂಡೇ ನೆಲ ಮುಟ್ಟಿದರೆ ಹೀಗಾಗುತ್ತದೆ.

ಮಲಗಿಸಿ ಅಳೆದೆ. ಬಗ್ಗುವುದು 108. ನೆಟ್ಟಗಾಗುವುದರಲ್ಲಿ ಕೊರತೆ ಇನ್ನೂ 9 ಡಿಗ್ರಿ. ಎರಡು ತಿಂಗಳಲ್ಲಿ ಬಗ್ಗುವುದರಲ್ಲಿ 38 ಡಿಗ್ರಿ ಗಳಿಸಿದ್ದೆವು, ಚಾಚುವುದರಲ್ಲಿ ಬರೀ ಮೂರು.

ಒಂಬತ್ತು ಡಿಗ್ರಿ ಅಂದರೆ ಎಷ್ಟು ಅಂತ ತಿಳಿಯಬೇಕಿದ್ದರೆ, ಎದ್ದು ನಿಂತು ಎರಡೂ ಮಂಡಿ ಒಂಚೂರು ಬಗ್ಗಿಸಿ ಹಾಗೇ ನಿಲ್ಲಿ. ನಿಮಿಷದೊಳಗೆ ತೊಡೆ ಉರಿಯುತ್ತದೆ. ಮಂಡಿ ಪೂರ್ತಿ ನೆಟ್ಟಗಾದಾಗ ಮೈಭಾರದ ಗೆರೆ ಕೀಲಿನ ಮುಂದಿನಿಂದ ಹಾಯುತ್ತದೆ, ಎಲುಬಿನ ಮೇಲೆ ಎಲುಬು ಕೂರುತ್ತದೆ, ತೊಡೆಯ ಸ್ನಾಯುವಿಗೆ ಬಿಡುವು ಸಿಗುತ್ತದೆ. ಬಗ್ಗಿದಲ್ಲೇ ನಿಂತರೆ ಆ ಬಿಡುವಿಲ್ಲ. ಹೇಗೂ ಅರ್ಧ ಬಲ ಕಳೆದುಕೊಂಡ ಸ್ನಾಯು, ಪ್ರತಿ ಹೆಜ್ಜೆಗೂ ದುಪ್ಪಟ್ಟು ದುಡಿಮೆ. ಉಣುಗೋಲಿನ ಹತ್ತಿರ ತೊಡೆ ನಡುಗುತ್ತಿದ್ದದ್ದಕ್ಕೆ ಬೇರೆ ಕಾರಣ ಹುಡುಕಬೇಕಿರಲಿಲ್ಲ.

ಕೊರತೆ ಉಳಿದದ್ದು ಹೇಗೆ? ಹಳೆಯದು ಸ್ವಲ್ಪ: ಏಳೆಂಟು ವರ್ಷ ಬಗ್ಗಿಕೊಂಡೇ ಇದ್ದ ಮಂಡಿಯ ಹಿಂಭಾಗದ ಸ್ನಾಯು ಗಿಡ್ಡವಾಗಿರುತ್ತದೆ. ಉಳಿದದ್ದು ಮಂಚದ ಮೇಲೆ ಸಿಕ್ಕಿತು. ಅತ್ತೆಗೆ ನೋವಾಗದಿರಲಿ ಅಂತ ಸೊಸೆ ದಿನಾ ರಾತ್ರಿ ಮಂಡಿಯ ಕೆಳಗೆ ಒಂದು ಮೆತ್ತನೆಯ ದಿಂಬು ಇಡುತ್ತಿದ್ದಳು. ಮೊದಲ ವಾರವೇ ಬೇಡವೆಂದಿದ್ದೆ. ಹಗಲು ಇರುತ್ತಿರಲಿಲ್ಲ, ರಾತ್ರಿ ಬರುತ್ತಿತ್ತು. ಬಗ್ಗಿಸಿಟ್ಟರೆ ಊದಿದ ಮಂಡಿಗೆ ಹಾಯೆನಿಸುತ್ತದೆ, ಅದಕ್ಕೇ ಅದು ಅಪಾಯ. ದಿನಕ್ಕೆ ಎಂಟು ತಾಸು ದಿಂಬು ಬಗ್ಗಿಸಿಡುತ್ತಿದ್ದದ್ದನ್ನು ನನ್ನ ಹತ್ತು ನಿಮಿಷ ಎಲ್ಲಿ ನೆಟ್ಟಗೆ ಮಾಡೀತು? ಹಗಲಿಗೆ ಜಗಲಿಯ ಆರಾಮಕುರ್ಚಿ ಬೇರೆ. ಸೊಸೆ ಅಳುವಂತಾದಳು. ಅವಳಿಗಿಂತ ತಪ್ಪು ನನ್ನದು ದೊಡ್ಡದು. ರಾತ್ರಿ ಹೇಗೆ ಮಲಗುತ್ತೀರಿ ಅಂತ ನಾನು ಎಂಟು ವಾರ ಕೇಳಿರಲಿಲ್ಲ, ಡಿಗ್ರಿ ಕೇಳುವುದರಲ್ಲೇ ಇದ್ದೆ.

ಅಲ್ಲಿಂದ ಕೆಲಸದ ದಿಕ್ಕು ಬದಲಾಯಿತು. ಬಗ್ಗಿಸುವ ವ್ಯಾಯಾಮ ದಿನಕ್ಕೊಂದು ಸಲಕ್ಕೆ ಇಳಿಯಿತು. ದಿಂಬು ಹೋಯಿತು. ಅದರ ಬದಲು ಸುರುಳಿ ಸುತ್ತಿದ ಟವೆಲ್ಲನ್ನು ಹಿಮ್ಮಡಿಯ ಕೆಳಗಿಟ್ಟು, ಮಂಡಿಯನ್ನು ಕೆಳಗೆ ಜೋಲಲು ಬಿಟ್ಟು ಮಲಗುವುದು, ಹತ್ತು ನಿಮಿಷದಂತೆ ದಿನಕ್ಕೆ ಐದು ಸಲ. ನೋಡಲು ಏನೂ ಮಾಡದಂತೆ ಕಾಣುವ ಈ ವ್ಯಾಯಾಮವೇ ಎಲ್ಲಕ್ಕಿಂತ ಕಷ್ಟದ್ದು, ಆರನೇ ನಿಮಿಷಕ್ಕೆ ಮಂಡಿಯ ಹಿಂದೆ ಎಳೆತ ಶುರುವಾಗುತ್ತದೆ. ಹಾಗೆ ಮಲಗಿದಾಗಲೇ ನನ್ನ ಅಂಗೈಯನ್ನು ಮಂಡಿಯ ಕೆಳಗಿಟ್ಟು 'ನನ್ನ ಕೈ ಜಜ್ಜಿ ನೋಡುವ' ಅನ್ನುತ್ತಿದ್ದೆ. ಐದು ಎಣಿಸುವವರೆಗೆ ಒತ್ತಿ ಹಿಡಿಯಬೇಕು. ಮೊದಲ ದಿನ ಕೈ ಸಲೀಸಾಗಿ ಎಳೆದುಕೊಂಡೆ. ಮೂರನೇ ವಾರಕ್ಕೆ ಬೆರಳು ಸಿಕ್ಕಿಬಿತ್ತು, ಅಮ್ಮ ನಕ್ಕರು.

ಬೈಕಿನ ಹಳೇ ಟ್ಯೂಬು ಕತ್ತರಿಸಿ ಜಗಲಿಯ ಕಂಬಕ್ಕೆ ಮಂಡಿಯ ಎತ್ತರದಲ್ಲಿ ಕಟ್ಟಿದೆವು. ಟ್ಯೂಬಿನ ಕುಣಿಕೆ ಮಂಡಿಯ ಹಿಂದೆ, ಮುಖ ಕಂಬದ ಕಡೆ. ಟ್ಯೂಬು ಮಂಡಿಯನ್ನು ಮುಂದಕ್ಕೆ ಎಳೆದು ಬಗ್ಗಿಸುತ್ತದೆ, ಅಮ್ಮ ಅದರ ವಿರುದ್ಧ ಹಿಂದಕ್ಕೆ ತಳ್ಳಿ ನೆಟ್ಟಗೆ ನಿಲ್ಲಬೇಕು. ನಿಂತಲ್ಲೇ ಕೊನೆಯ ಹತ್ತು ಡಿಗ್ರಿಯ ಬಲ ಕಟ್ಟಲು ಇದರಷ್ಟು ಅಗ್ಗದ ಯಂತ್ರ ನಾನು ಕಂಡಿಲ್ಲ. ಊಟದ ಮಣೆ ಮೆಟ್ಟಿಲಾಯಿತು: ಮೊದಲು ಒಂದು ಮಣೆ, ಎರಡು ವಾರ ಬಿಟ್ಟು ಒಂದರ ಮೇಲೊಂದು ಎರಡು, ಗೋಡೆ ಹಿಡಿದು ಬಲಗಾಲಿನಲ್ಲಿ ಹತ್ತುವುದು. ಊಟದ ಮಣೆ ಮೆಟ್ಟುವುದಕ್ಕೆ ಅಮ್ಮ ಎರಡು ದಿನ ಒಪ್ಪಿರಲಿಲ್ಲ, ಕೊನೆಗೆ ಕೊಟ್ಟಿಗೆಯಿಂದ ಮುರುಕಲು ಮಣೆ ತರಿಸಿದರು.

ಜಗಳವಾದದ್ದು ಕೋಲಿಗೆ. ಕುಂಟು ಹೋಗಬೇಕಾದರೆ ಇನ್ನೂ ಮೂರು ವಾರ ಕೋಲು ಹಿಡಿಯಬೇಕು ಅಂದೆ. ಬಿಟ್ಟ ಕೋಲನ್ನು ಮತ್ತೆ ಹಿಡಿಯುವುದೆಂದರೆ ಸೋತ ಹಾಗೆ ಅಂತ ಅವರ ಲೆಕ್ಕ. ಕುಂಟುತ್ತ ನಡೆದ ಒಂದೊಂದು ಹೆಜ್ಜೆಯೂ ಕುಂಟನ್ನೇ ಪಾಠ ಮಾಡುತ್ತದೆ ಅಂತ ನನ್ನ ಲೆಕ್ಕ. ಅದಕ್ಕೂ ಮೊದಲು ಹಿಡಿಯುತ್ತಿದ್ದಾಗಲೂ ಬಲಗೈಯಲ್ಲೇ ಹಿಡಿಯುತ್ತಿದ್ದರು, ನೋವಿನ ಕಾಲಿಗೆ ಊರುಗೋಲು ಪಕ್ಕದಲ್ಲೇ ಇರಲಿ ಅಂತ. ಸಿನಿಮಾದಲ್ಲೂ ಹಾಗೇ ತೋರಿಸುತ್ತಾರೆ, ಅದು ತಪ್ಪು. ಕೋಲು ಎಡಗೈಯಲ್ಲಿರಬೇಕು, ಬಲಗಾಲಿನ ಜೊತೆಗೇ ನೆಲ ಮುಟ್ಟಬೇಕು. ಆಗ ಮೈ ಬಲಕ್ಕೆ ವಾಲುವುದಿಲ್ಲ, ಬಲ ಸೊಂಟದ ಬದಿಯ ಸ್ನಾಯುವಿನ ಮೇಲಿನ ಎಳೆತವೂ ಇಳಿಯುತ್ತದೆ. ಎಡಗೈಗೆ ಬದಲಿಸಿದ ಐದೇ ನಿಮಿಷಕ್ಕೆ ವ್ಯತ್ಯಾಸ ಕಂಡಿತು. ಅವರಿಗೂ ಕಂಡಿತು, ಅದಕ್ಕೇ ಒಪ್ಪಿದರು.

ಜಗಲಿಯಲ್ಲಿ ಅವರ ಮಾವನ ಕಾಲದ ಲೋಲಕದ ಗಡಿಯಾರವಿದೆ. ಕುಂಟು ನಡಿಗೆಗೆ ಒಂದು ಸದ್ದಿದೆ, 'ಟಾಕ್-ಟ, ಟಾಕ್-ಟ', ಒಂದು ಉದ್ದ ಒಂದು ಗಿಡ್ಡ. ಗಡಿಯಾರದ ಸದ್ದು ಸಮ. ಎರಡು ಟಿಕ್ಕಿಗೆ ಒಂದು ಹೆಜ್ಜೆಯಂತೆ ಜಗಲಿಯ ಉದ್ದಕ್ಕೂ ನಡೆಯಿರಿ ಅಂದೆ. ನಿಧಾನ ನಡಿಗೆಯಲ್ಲಿ ಬಲಗಾಲಿನ ಮೇಲೆ ಹೆಚ್ಚು ಹೊತ್ತು ನಿಲ್ಲದೆ ಗತಿಯಿಲ್ಲ. ತಪ್ಪಿದರೆ ಅವರಿಗೇ ಕೇಳಿಸುತ್ತದೆ, ನಾನು ಪಕ್ಕದಲ್ಲಿ ನಿಂತು 'ನೆಟ್ಟಗೆ, ನೆಟ್ಟಗೆ' ಅನ್ನಬೇಕಿಲ್ಲ. ಹಿಮ್ಮಡಿ ಮೊದಲು ಊರಿ ಅನ್ನುವುದೊಂದೇ ನನ್ನ ಸೂಚನೆಯಾಗಿತ್ತು. ಹಿಂದಕ್ಕೆ ನಡೆಯುವುದು, ಗೋಡೆ ಹಿಡಿದು ಏಡಿಯಂತೆ ಅಡ್ಡಡ್ಡ ನಡೆಯುವುದು ಆಮೇಲೆ ಸೇರಿದವು. ಮೊಮ್ಮಗಳು ಹಿಂದೆ ಹಿಂದೆಯೇ ಅಣಕಿಸುತ್ತ ನಡೆಯುತ್ತಿದ್ದಳು.

ಇನ್ನೊಂದು ದೂರು ಬಿಡಿಸಲು ಸಮಯ ಹಿಡಿಯಿತು: 'ಬಲಗಾಲು ಉದ್ದ ಆಗಿಬಿಟ್ಟಿದೆ.' ಟೇಪಿನಲ್ಲಿ ಎಲುಬಿನ ಉದ್ದ ಹೆಚ್ಚುಕಡಿಮೆ ಒಂದೇ. ಬಾಗಿದ್ದ ಬಲಗಾಲು ಆಪರೇಷನ್ನಿನಲ್ಲಿ ನೇರವಾಗಿದೆ, ಎಡಗಾಲು ಇನ್ನೂ ಬಿಲ್ಲಿನಂತೆಯೇ ಇದೆ. ಬಿಲ್ಲಿಗಿಂತ ಬಾಣ ಉದ್ದ ಅನ್ನಿಸದೆ ಇರುತ್ತದೆಯೇ? ಎಡಚಪ್ಪಲಿಗೆ ದಪ್ಪ ಅಟ್ಟೆ ಹಾಕಿಸುತ್ತೇನೆಂದು ಮಗ ಹೊರಟಿದ್ದ. ಕೆಲವು ತಿಂಗಳು ತಡೆ ಅಂದೆ. ಸೊಂಟ ಹೊಂದಿಕೊಳ್ಳುವ ಮೊದಲೇ ಅಟ್ಟೆ ಏರಿಸಿದರೆ ಮತ್ತೊಂದು ವಕ್ರ ಕಟ್ಟಿದ ಹಾಗೆ. ಆಗಸ್ಟ್ ಹೊತ್ತಿಗೆ ಅವರು ಆ ಮಾತನ್ನೇ ಬಿಟ್ಟಿದ್ದರು.

ಮನೆಯಲ್ಲಿ ಬದಲಾದದ್ದು ಕೆಲವು. ಹೊಸ್ತಿಲು ಒಂಬತ್ತು ಇಂಚು ಎತ್ತರದ್ದು, ಪಕ್ಕದ ಗೋಡೆಗೆ ಹಿಡಿಕೆ ಜಡಿಸಿದೆವು. ಹತ್ತಲು ಎಡಗಾಲು ಮೊದಲು, ಇಳಿಯಲು ಬಲಗಾಲು ಮೊದಲು. ಪಾಯಿಖಾನೆಗೆ ಕಮೋಡು ಬಂತು. ದೇವರ ಮುಂದೆ ಸ್ಟೂಲು ಬಂತು. ಮಂಡಿಯೂರಿ ನಮಸ್ಕಾರ ಹಾಕಲಾಗದ್ದು ಅವರಿಗೆ ಇವತ್ತಿಗೂ ಕೊರಗು, ನನ್ನ ಹತ್ತಿರ ಅದಕ್ಕೆ ಒಳ್ಳೆಯ ಉತ್ತರವಿಲ್ಲ.

ಹದಿನಾಲ್ಕನೇ ವಾರ, ಮೇ ಮಧ್ಯ. ಚಾಚುವ ಕೊರತೆ 3 ಡಿಗ್ರಿಗೆ ಇಳಿದಿತ್ತು, ಬಗ್ಗುವುದು 112. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಒಂಬತ್ತನೇ ವಾರದಲ್ಲಿ 21 ಸೆಕೆಂಡ್ ಹಿಡಿದಿತ್ತು, ಈಗ 13. ಬಚ್ಚಲಿನಿಂದ ಬರುವಾಗ ಸೊಸೆ ತಾನೇ ಕೂಗಿದಳು, 'ಅಕ್ಕಾ, ಹೆಜ್ಜೆ ಬಿತ್ತು, ಬನ್ನಿ!' 42, 38. ಹಿಮ್ಮಡಿಯ ಗುರುತು ಎರಡೂ ಪಾದಕ್ಕೆ ಒಂದೇ ಗಾಢ.

ಅಮ್ಮನಿಗೆ ಈ ಲೆಕ್ಕ ಯಾವುದೂ ಮುಖ್ಯವಾಗಿರಲಿಲ್ಲ. ಮಳೆ ಹಿಡಿಯುವ ಮೊದಲು ತೋಟ ನೋಡಿ ಬರಬೇಕು, ಅಷ್ಟೇ. ಸಂಕಕ್ಕೆ ಎರಡೂ ಕಡೆ ಕೈತಾಂಗು ಕಟ್ಟಿಸಿದ ಮೇಲೆ ಮೇ ಕೊನೆಯ ಒಂದು ಸಂಜೆ ಹೊರಟೆವು. ಕೋಲು ಎಡಗೈಯಲ್ಲಿ, ಹಿಂದೆ ನಾನು. ಇಳಿಜಾರು ಇಳಿಯುವುದೇ ಹತ್ತುವುದಕ್ಕಿಂತ ಕಷ್ಟ, ತೊಡೆಯ ಸ್ನಾಯು ಬ್ರೇಕಿನಂತೆ ದುಡಿಯಬೇಕು. ಎರಡು ಕಡೆ ನಿಂತು ಸುಧಾರಿಸಿಕೊಂಡರು. ಸಂಕದ ನಡುವೆ ನೋವು ಬಂತು, ಬಲಮಂಡಿಯಲ್ಲಲ್ಲ, ಎಡಮಂಡಿಯಲ್ಲಿ. ದಾಟಿ ಮೊದಲ ಮರಕ್ಕೆ ಕೈ ಆನಿಸಿ ನಿಂತು, ಮೇಲೆ ನೋಡಿ ಹೇಳಿದ ಮೊದಲ ಮಾತು: 'ಈ ಸಾಲಿಗೆ ಗೊಬ್ಬರ ಹಾಕಲೇ ಇಲ್ಲ ಅಲ್ದಾ?' ಮಗನಿಗೆ ಅವತ್ತು ಸಂಜೆ ಹೋದ ಫೋನು ಡಿಗ್ರಿಯ ವಿಷಯಕ್ಕಲ್ಲ.

ಮಳೆಗಾಲದ ನಾಲ್ಕು ತಿಂಗಳು ಅಂಗಳ ದಾಟಲಿಲ್ಲ. ಆಗುಂಬೆಯ ಮಗ್ಗುಲಿನ ಮಳೆ, ಪಾಚಿ ಕಟ್ಟಿದ ಅಂಗಳದಲ್ಲಿ ಎರಡು ಕಾಲು ಸರಿಯಿದ್ದವರೇ ಜಾರುತ್ತಾರೆ. ಕೊಟ್ಟಿಗೆವರೆಗೆ ಅಡಿಕೆ ದಬ್ಬೆ, ಅಂದರೆ ಅಡಿಕೆ ಮರದ ಸೀಳು, ಹಾಸಿದ್ದರು, ನಡಿಗೆಯೆಲ್ಲ ಜಗಲಿಯಲ್ಲೇ, ಗಡಿಯಾರದ ಕೆಳಗೆ. ಅಕ್ಟೋಬರಿನಲ್ಲಿ ಅಳೆದಾಗ 44, 43. ಮೂರು ಮೀಟರಿನ ಓಡಾಟ 11 ಸೆಕೆಂಡ್. ಬಗ್ಗುವುದು 115ರ ಮೇಲೆ ಹೋಗಲಿಲ್ಲ, ಹೋಗುವುದೂ ಬೇಕಿರಲಿಲ್ಲ. ದಿನವಿಡೀ ನಡೆದ ಸಂಜೆ ಮಂಡಿ ಸ್ವಲ್ಪ ಬಿಸಿಯಾಗುತ್ತದೆ ಅನ್ನುತ್ತಾರೆ. ತೋಟದಿಂದ ಬಂದ ಕೂಡಲೇ ಐಸಿಡುವುದು ರೂಢಿಯಾಗಿದೆ.

ಈ ಸಲದ ಕೊಯ್ಲಿಗೆ ಮಗ ಮೆಟ್ಟುಗತ್ತಿಯನ್ನು ಬೆಂಚಿಗೆ ಕೂರಿಸಿದ್ದಾನೆ, ಕುರ್ಚಿಯಲ್ಲಿ ಕೂತೇ ಸುಲಿಯುವ ಹಾಗೆ. ಅದು ಸುಲಿಯುವ ಕತ್ತಿಯಲ್ಲ, ತರಕಾರಿ ಹೆಚ್ಚುವ ಈಳಿಗೆ ಅಂತ ಅಮ್ಮ ಬೈಯುತ್ತಲೇ ಸುಲಿಯುತ್ತಿದ್ದಾರೆ. ಎಡಮಂಡಿಯ ಆಪರೇಷನ್ ಸುಲಿತ ಮುಗಿದ ಮೇಲೆ, ಮತ್ತೆ ಫೆಬ್ರವರಿಯಲ್ಲಿ. ನಾನು ಹೋದ ವಾರ ಹೋದಾಗ ಟ್ಯೂಬಿನ ಕುಣಿಕೆ ಎಡಗಾಲಿನಲ್ಲಿತ್ತು. ಆಪರೇಷನ್ನಿಗೆ ಇನ್ನೂ ಎರಡು ತಿಂಗಳಿದೆಯಲ್ಲ ಅಂದೆ. 'ಅದಕ್ಕೇ' ಅಂದರು, ಎಣಿಕೆ ನಿಲ್ಲಿಸದೆ.